ಮಡಿಕೇರಿಗೆ ವಸಂತ ಬಂತು ಅಂತ ನಿಮಗೆ ಮೊದಲು ಹೇಳೋದು ಯಾವುದು?

ಗದ್ದಿಗೆ ಓಣಿ
ಫೆಬ್ರವರಿ 11, ಬೆಳಗ್ಗೆ 10.40

ಡಿಸೆಂಬರಿನಿಂದ ನಮ್ಮನೆ ಕೊಬ್ಬರಿ ಎಣ್ಣೆ ಬಾಟಲಿ ಮೇಣದ ಹಾಗೆ ಗಟ್ಟಿ. ತಲೆಗೆ ಹಚ್ಚಬೇಕಾದರೆ ಒಲೆ ಪಕ್ಕ ಇಡಬೇಕು, ಇಲ್ಲಾ ಚಮಚದ ಹಿಡಿಯಿಂದ ಕೆರೆದು ತೆಗೀಬೇಕು. ಇವತ್ತು ಕಿಟಕಿ ಕಟ್ಟೆ ಮೇಲಿದ್ದ ಬಾಟಲಿ ಎತ್ತಿದೆ, ಒಳಗಿನ ಬಿಳಿ ಗಡ್ಡೆ ಅಂಚು ಬಿಟ್ಟುಕೊಂಡು ಗುಳುಕ್ ಅಂತ ಅಲ್ಲಾಡಿತು. ಅಮ್ಮನಿಗೆ ತೋರಿಸಿದೆ. "ಹ್ಞಾಂ, ಚಳಿ ಹೊರಟಿತು" ಅಂದರು, ಅಷ್ಟೇ.

ಹೊರಗೆ ಬಂದು ನೋಡಿದರೆ ಪಕ್ಕದ ಹಿತ್ತಲಿನ ಹಾಲುವಾಣದ ಮರದಲ್ಲಿ ಒಂದೇ ಒಂದು ಎಲೆ ಇಲ್ಲ. ತುದಿಯಲ್ಲಿ ಮಾತ್ರ ಹುಲಿಯುಗುರಿನ ಹಾಗೆ ಬಾಗಿದ ಕೆಂಪು ಹೂ, ನಾಲ್ಕೈದು ಗೊಂಚಲು. ಕಳೆದ ವಾರ ಇದ್ದ ನೆನಪಿಲ್ಲ. ಇದ್ದರೂ ನಾನು ತಲೆ ಎತ್ತಿರಲಿಲ್ಲವೋ ಏನೋ.

ಪಂಚಾಂಗದ ಪ್ರಕಾರ ಚೈತ್ರ-ವೈಶಾಖ ವಸಂತ. ಆದರೆ ನಮ್ಮೂರಲ್ಲಿ ಚೈತ್ರ ಬರುವಷ್ಟರಲ್ಲಿ ಮಧ್ಯಾಹ್ನ ಫ್ಯಾನ್ ಹುಡುಕುವ ಹಾಗಾಗಿರುತ್ತದೆ. ನಮ್ಮ ವಸಂತ ಅದಕ್ಕೂ ಮುಂಚೆ, ಯಾರಿಗೂ ಹೇಳದೆ ಬಂದು ಹೋಗುತ್ತೆ ಅಂತ ನನ್ನ ಅನುಮಾನ. ನಿಮಗೆ ಮೊದಲು ಗೊತ್ತಾಗೋದು ಯಾವುದರಿಂದ? ಕ್ಯಾಲೆಂಡರ್ ಅನ್ನಬೇಡಿ.

ಸುಂಟಿಕೊಪ್ಪ ರೋಬಸ್ಟಾ
ಫೆಬ್ರವರಿ 11, ಮಧ್ಯಾಹ್ನ 1.15

ಎಣ್ಣೆ ಕರಗಿದರೆ ವಸಂತ ಆಗೋದಾದರೆ ನನ್ನ ಹೆಂಡತಿ ದಿನಾ ಬಿಸಿನೀರಿನ ಪಾತ್ರೆಯಲ್ಲಿ ವಸಂತ ಮಾಡ್ತಾಳೆ ಮಾರಾಯ್ರೇ.

ತೋಟದವನಿಗೆ ವಸಂತ ಅಂದರೆ ಹೂಮಳೆ, ಬೇರೆ ಮಾತೇ ಇಲ್ಲ. ಕಾಫಿ ಮೊಗ್ಗು ಕೂತಿರೋದು ಈಗಲ್ಲ, ಮಳೆಗಾಲ ಮುಗಿದ ಮೇಲೆ ಗೆಣ್ಣುಗೆಣ್ಣಿನಲ್ಲಿ ಕೂತು, ಜನವರಿಯಷ್ಟು ಹೊತ್ತಿಗೆ ಬೆಳವಣಿಗೆ ನಿಲ್ಲಿಸಿ ನಿದ್ದೆ ಹೋಗುತ್ತೆ. ಎರಡು-ಮೂರು ತಿಂಗಳು ಒಣಗಬೇಕು ಅದು. ಆ ಒಣಗು ಸಿಗದಿದ್ದರೆ ಎಲ್ಲಾ ಒಟ್ಟಿಗೆ ಏಳೋದಿಲ್ಲ, ಅಲ್ಲೊಂದು ಇಲ್ಲೊಂದು ಬಿಟ್ಟು ಕುಯ್ಲಿನಲ್ಲಿ ಪ್ರಾಣ ತಿನ್ನುತ್ತೆ. ಆಮೇಲೆ ಒಂದು ಇಂಚಿನ ಆಸುಪಾಸು ಮಳೆ ಒಂದೇ ಸಲಕ್ಕೆ ಬಿದ್ದರೆ ಏಳೆಂಟು ದಿನಕ್ಕೆ ತೋಟವೆಲ್ಲಾ ಬಿಳಿ. ಇಪ್ಪತ್ತು ಸೆಂಟ್, ಮೂವತ್ತು ಸೆಂಟ್ ಬಿದ್ದು ನಿಂತಿತೋ ಕೆಟ್ಟೆವು ಅಂತಲೇ. ಮೊಗ್ಗು ಅರ್ಧ ಎದ್ದು, ಸಣ್ಣದಾಗಿ ಹಸಿರು ನಕ್ಷತ್ರದ ಹಾಗೆ ಬಿರಿದು ಅಲ್ಲೇ ಉಳಿಯುತ್ತೆ. ಅದರಿಂದ ಕಾಯಿಲ್ಲ.

(ಬೇರೆ ಊರವರಿಗೆ: ನಾವು ಮಳೆಯನ್ನು ಇನ್ನೂ ಇಂಚು ಮತ್ತು ಸೆಂಟಿನಲ್ಲೇ ಲೆಕ್ಕ ಹಾಕ್ತೇವೆ. ನೂರು ಸೆಂಟ್ ಅಂದರೆ ಒಂದು ಇಂಚು. ಮಿಲಿಮೀಟರಲ್ಲಿ ಹೇಳಿದರೆ ನಮ್ಮ ಅಪ್ಪನಿಗೆ ಮಳೆ ಬಂದ ಹಾಗೇ ಅನ್ನಿಸೋದಿಲ್ಲ.)

ಕುಟ್ರುಹಕ್ಕಿ
ಫೆಬ್ರವರಿ 11, ಸಂಜೆ 6.05

ನನ್ನ ಹೆಸರೇ ಉತ್ತರ.

ಜನವರಿ ಕೊನೆವರೆಗೆ ಒಂದೋ ಎರಡೋ ಸಲ ಕೂಗಿ ಸುಮ್ಮನಾಗುವ ಹಕ್ಕಿ, ಫೆಬ್ರವರಿ ಶುರುವಾದ ಕೂಡಲೇ ಕುಟ್ರೂ ಕುಟ್ರೂ ಕುಟ್ರೂ ಅಂತ ಹಿಡಿದರೆ ಬಿಡೋದೇ ಇಲ್ಲ. ಒಂದು ಶುರು ಮಾಡಿದರೆ ಆಚೆ ಗುಡ್ಡದಿಂದ ಇನ್ನೊಂದು, ಕೆಳಗಿನ ಹಳ್ಳದಿಂದ ಮತ್ತೊಂದು. ಬಣ್ಣ ಎಲೆಯದೇ, ಹಾಗಾಗಿ ಮರವೇ ಕೂಗುತ್ತಿದೆ ಅನ್ನಿಸುತ್ತೆ. ಗೂಡಿಗೆ ಒಣಕೊಂಬೆಯಲ್ಲಿ ಪೊಟರೆ ಕೊರೆಯುವ ಕಾಲ ಇದು. ಮೊನ್ನೆ ಸ್ಟುವರ್ಟ್ ಹಿಲ್ ಕಡೆ ಹೋದಾಗ ಕೊಂಬೆಯ ಕೆಳಗಡೆ ರಸ್ತೆ ಮೇಲೆ ಹೊಸ ಮರದಪುಡಿ ಬಿದ್ದಿತ್ತು, ಬಡಗಿ ಕೆಲಸ ಮುಗಿಸಿ ಎದ್ದುಹೋದ ಹಾಗೆ. ಮೇಲೆ ನೋಡಿದರೆ ರೂಪಾಯಿ ಅಗಲದ ದುಂಡು ತೂತು, ಒಳಗಿಂದ ಹಿಂದುಮುಂದಾಗಿ ಇಳಿದು ಬಂತು ಪಾರ್ಟಿ, ಕೊಕ್ಕಿನ ಮೀಸೆಯಲ್ಲೆಲ್ಲಾ ಪುಡಿ.

ಗದ್ದಿಗೆ ಓಣಿಯವರೇ, ನಿಮ್ಮ ಹಾಲುವಾಣದ ಕೆಳಗೆ ಬೆಳಗ್ಗೆ ಏಳಕ್ಕೆ ಕುರ್ಚಿ ಹಾಕಿ ಕೂತ್ಕೊಳ್ಳಿ. ಮೈನಾ, ಕಾಜಾಣ, ಸೂರಕ್ಕಿ, ಎಲೆಹಕ್ಕಿ ಎಲ್ಲಾ ಒಂದೇ ಹೋಟೆಲಿಗೆ ಬರ್ತಾವೆ. ಜಗಳವೂ ಅಲ್ಲೇ.

ಮಹದೇವಪೇಟೆ
ಫೆಬ್ರವರಿ 11, ರಾತ್ರಿ 9.30

ಲಾಡ್ಜ್ ನಡೆಸುವವನಿಗೆ ವಸಂತದ ಲಕ್ಷಣ ಒಂದೇ: ಬೆಂಗಳೂರಿನವರು ಫೋನ್ ಮಾಡಿ "ಈಗ ಮಂಜು ಇದೆಯಾ?" ಅಂತ ಕೇಳ್ತಾರೆ, ನಾನು "ಇಲ್ಲ ಸರ್" ಅಂತೀನಿ, ಅವರು ಫೋನ್ ಇಡ್ತಾರೆ.

ನಾಪೋಕ್ಲು
ಫೆಬ್ರವರಿ 12, ಬೆಳಗ್ಗೆ 7.50

ಶಿವರಾತ್ರಿ ಆಗಲಿ ತಡೀರಿ. "ಶಿವ ಶಿವಾ ಅಂತ ಚಳಿ ಹೋಯಿತು" ಅಂತ ಸುಮ್ಮನೆ ಹೇಳ್ತಾರಾ? ಅದಕ್ಕೆ ಮುಂಚೆ ಸ್ವೆಟರ್ ಪೆಟ್ಟಿಗೆಗೆ ಹಾಕಿದವರೆಲ್ಲಾ ವಾಪಸ್ ತೆಗೆದಿದ್ದಾರೆ.

ಗದ್ದಿಗೆ ಓಣಿ
ಫೆಬ್ರವರಿ 14, ಬೆಳಗ್ಗೆ 8.20

ಕುರ್ಚಿ ಹಾಕಿ ಕೂತೆ. ಮುಕ್ಕಾಲು ಗಂಟೆ. ಆಫೀಸಿಗೆ ತಡ ಆಯಿತು, ಬೇಜಾರಿಲ್ಲ. ಬಾಲದ ತುದಿಯಲ್ಲಿ ಎರಡು ತಂತಿ, ಅದರ ಕೊನೆಗೆ ಎರಡು ಎಲೆ ಅಂಟಿಸಿಕೊಂಡ ಹಾಗಿರುವ ಕಾಜಾಣ ಒಂದು ಬಂತು. ಅದು ಬಂದ ಕೂಡಲೇ ಮೈನಾಗಳೆಲ್ಲಾ ಗಪ್‌ಚಿಪ್.

ಸುಂಟಿಕೊಪ್ಪ ಅಣ್ಣ, ಒಂದು ಪ್ರಶ್ನೆ. ನಾನು ದಿನಾ ಕುಶಾಲನಗರಕ್ಕೆ ಬಸ್ಸಿನಲ್ಲಿ ಹೋಗಿ ಬರೋಳು. ಬೋಯಿಕೇರಿ, ಕೆದಕಲ್ ದಾಟಿದ ಮೇಲೆ ಒಂದು ತೋಟದಲ್ಲಿ ಆಗಲೇ ಮೊಗ್ಗು ಉದ್ದ ಆಗಿ ಬೆಳ್ಳಗೆ ಕಾಣಿಸ್ತಿದೆ. ಮಳೆಯೇ ಬಂದಿಲ್ಲವಲ್ಲ?

ಸುಂಟಿಕೊಪ್ಪ ರೋಬಸ್ಟಾ
ಫೆಬ್ರವರಿ 14, ಮಧ್ಯಾಹ್ನ 12.40

ಸ್ಪ್ರಿಂಕ್ಲರ್ ಹೊಡೆದಿದ್ದಾರೆ, ಮತ್ತೇನು. ಕೆರೆ ಇದ್ದವರು ಮಳೆಗೆ ಕಾಯೋದಿಲ್ಲ.

ನಾಪೋಕ್ಲು
ಫೆಬ್ರವರಿ 14, ಮಧ್ಯಾಹ್ನ 1.02

ಡೀಸೆಲ್ ವಸಂತ.

ಸುಂಟಿಕೊಪ್ಪ ರೋಬಸ್ಟಾ
ಫೆಬ್ರವರಿ 14, ಮಧ್ಯಾಹ್ನ 2.30

ನಗ್ತೀರಿ ನೀವು. ನಾನೂ ನಾಳಿದ್ದು ಶುರು ಮಾಡ್ತೀನಿ, ಮುಚ್ಚಿಡೋದೇನಿದೆ. ರೋಬಸ್ಟಾದ ಬೇರು ಮೇಲ್ಮೈಯಲ್ಲೇ ಹರಡಿರೋದು, ಅರೇಬಿಕಾದ ಹಾಗೆ ಒಣಗು ತಡೆಯೋದಿಲ್ಲ. ಮಾರ್ಚ್ ನಡುವಿನವರೆಗೆ ಆಕಾಶ ನೋಡ್ತಾ ಕೂತರೆ ಮೊಗ್ಗು ಕರಟಿ ಉದುರುತ್ತೆ, ಆ ವರ್ಷದ ಫಸಲು ಅಲ್ಲಿಗೆ ಮುಗೀತು. ಹೂಮಳೆ ಒಂದು ಸಲ ಕೈಕೊಟ್ಟರೆ ಸಾಲ ತೀರಿಸೋಕೆ ಮೂರು ವರ್ಷ.

ಆದರೂ ಒಂದು ಒಪ್ಪಿಕೊಳ್ತೇನೆ. ಅಜ್ಜನ ಮಳೆಪುಸ್ತಕ ನಮ್ಮನೆಯಲ್ಲಿದೆ. ಅಂಗಳದ ಮಳೆಮಾಪಕದಲ್ಲಿ ದಿನಾ ಬೆಳಗ್ಗೆ ಅಳೆದು ಬರೆದದ್ದು, ನೀಲಿ ಶಾಯಿಯಲ್ಲಿ. ಹೂಮಳೆ ಬಿದ್ದ ದಿನ ಮಾತ್ರ ಕೆಂಪು ಶಾಯಿ, ಪಕ್ಕದಲ್ಲಿ ಹೂ ಬಿಟ್ಟ ದಿನದ ತಾರೀಕು. ಅಪ್ಪನೂ ಹಾಗೇ ಬರೆದರು. ನಾನು ಪಂಪ್ ಹಾಕಿದ ವರ್ಷದಿಂದ ಆ ಕೆಂಪು ಶಾಯಿ ಎಲ್ಲಿ ಹಾಕೋದು ಅಂತ ಗೊತ್ತಾಗ್ತಿಲ್ಲ. ಡೀಸೆಲ್ ತಂದ ದಿನವಾ? ಆ ಕಾಲಂ ಖಾಲಿ ಬಿಟ್ಟಿದ್ದೇನೆ.

ಇನ್ನೊಂದು ಹೇಳ್ತೇನೆ. ರಾತ್ರಿ ಹತ್ತರ ಮೇಲೆ, ಊರೆಲ್ಲಾ ಮಲಗಿದ ಮೇಲೆ, ಜೆಟ್ ತಿರುಗುವ ಸದ್ದು ಟಕ್ ಟಕ್ ಟಕ್ ಟಕ್, ಆಮೇಲೆ ಸರ್ರ್ ಅಂತ ವಾಪಸ್. ಮೂರ್ನಾಲ್ಕು ಗಂಟೆ ಒಂದು ಜಾಗದಲ್ಲಿ, ಆಮೇಲೆ ಟಾರ್ಚ್ ಹಿಡಿದು ಹೋಗಿ ಪೈಪ್ ಬದಲಿಸಬೇಕು. ಆನೆ ಇದ್ದರೆ ಅದೂ ಇಲ್ಲ. ನನ್ನ ಮಗನಿಗೆ ಕೇಳಿದರೆ ಬೇಸಿಗೆ ಬರುವ ಸದ್ದು ಅದೇ ಅಂತಾನೆ. ಅವನಿಗೆ ಕುಟ್ರುಹಕ್ಕಿ ಗೊತ್ತಿಲ್ಲ.

ಕುಟ್ರುಹಕ್ಕಿ
ಫೆಬ್ರವರಿ 14, ಸಂಜೆ 5.50

ಕಳಿಸಿಕೊಡಿ ಒಂದು ಭಾನುವಾರ. ತೋರಿಸ್ತೇನೆ.

ಮಾಜಿ ಹವಾಲ್ದಾರ್, ಚೆಟ್ಟಳ್ಳಿ
ಫೆಬ್ರವರಿ 16, ಬೆಳಗ್ಗೆ 6.10

ನಮಸ್ಕಾರ. ಮಗಳು ಈ ಚರ್ಚೆ ಓದಿ ಹೇಳಿದಳು, ಅವಳೇ ಟೈಪ್ ಮಾಡಿಕೊಡ್ತಿದ್ದಾಳೆ.

ಸರ್ವಿಸಿನಲ್ಲಿದ್ದಾಗ ರಾಣಿಖೇತ್‌ನಲ್ಲಿ ಎರಡು ವರ್ಷ ಇದ್ದೆ. ಕುಮಾವೂ ಬೆಟ್ಟ, ಸುಮಾರು 1,850 ಮೀಟರ್ ಎತ್ತರ, ನಮ್ಮ ತಡಿಯಂಡಮೋಳ್ ನೆತ್ತಿಗಿಂತಲೂ ಮೇಲೆ ಊರು. ಜನವರಿಯಲ್ಲಿ ಹಿಮ ಬೀಳೋದು. ಫೆಬ್ರವರಿ ಕೊನೆಗೆ ಒಂದು ದಿನ ಬೆಳಗ್ಗೆ ಪಿ.ಟಿ.ಗೆ ಓಡುವಾಗ ಕಪ್ಪು ಓಕ್ ಕಾಡಿನ ಮಧ್ಯೆ ಕೆಂಪಗೆ ಏನೋ ಕಾಣ್ತು. ಮೊದಲು ಬೆಂಕಿ ಅಂದುಕೊಂಡೆ. ಬುರಾಂಶ್ ಹೂ. ಅಂಗೈ ತುಂಬುವಷ್ಟು ದೊಡ್ಡ ಗೊಂಚಲು. ಅಲ್ಲಿಯವರು ಅದರ ಶರಬತ್ತು ಮಾಡಿ ಕೊಡ್ತಾರೆ, ಸ್ವಲ್ಪ ಹುಳಿ.

ಮಾರ್ಚ್ ನಡುವಿಗೆ ಅಲ್ಲಿ ಫೂಲ್ ದೇಯಿ ಅಂತ ಹಬ್ಬ. ಬೆಳಕು ಹರಿಯುವ ಮುಂಚೆ ಸಣ್ಣ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮನೆಮನೆ ಹೊಸ್ತಿಲ ಮೇಲೆ ಹಾಕಿ ಹಾಡು ಹೇಳ್ತಾವೆ. ಮನೆಯವರು ಅಕ್ಕಿ, ಬೆಲ್ಲ ಕೊಡಬೇಕು. ನಮ್ಮ ಕ್ವಾರ್ಟರ್ಸ್ ಬಾಗಿಲಿಗೂ ಬಂದಿದ್ದವು. ನನ್ನ ಹತ್ತಿರ ಅಕ್ಕಿ ಇರಲಿಲ್ಲ, ಮನೆಯಿಂದ ಬಂದ ಕಾಫಿಪುಡಿ ಇತ್ತು. ಒಂದು ಚಮಚ ಕಾಗದದಲ್ಲಿ ಕಟ್ಟಿ ಕೊಟ್ಟೆ. ಆ ಹುಡುಗಿ ಮೂಸಿ ನೋಡಿ ಮುಖ ಸಿಂಡರಿಸಿಕೊಂಡು ಹೋದಳು.

ಅಲ್ಲಿ ವಸಂತ ಕಣ್ಣಿಗೆ ಹೊಡೆಯುತ್ತೆ. ಇಲ್ಲಿ ಹುಡುಕಬೇಕು.

ಬಾಟನಿ ಮೇಷ್ಟ್ರು
ಫೆಬ್ರವರಿ 16, ರಾತ್ರಿ 8.15

ಹವಾಲ್ದಾರ್ ಸರ್, ಬುರಾಂಶ್ ಅಂದರೆ ರೋಡೋಡೆಂಡ್ರಾನ್. ಅದರದೇ ದಾಯಾದಿ ದಕ್ಷಿಣದಲ್ಲೂ ಇದೆ, ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳ ಎತ್ತರದಲ್ಲಿ, ಶೋಲಾ ಕಾಡಿನ ಅಂಚಿಗೆ. ತಡಿಯಂಡಮೋಳ್ 1,748 ಮೀಟರ್ ಇದ್ದರೂ ನಾನು ಹತ್ತಿದ ಯಾವ ಸಲವೂ ಅಲ್ಲಿ ಕಂಡಿಲ್ಲ.

"ಇಲ್ಲಿ ಹುಡುಕಬೇಕು" ಅಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗ ಎಡಬಲ ನೋಡಿ. ಕಾಡು ಹಸಿರಾಗಿಲ್ಲ ಈಗ. ತಾಮ್ರ, ಇಟ್ಟಿಗೆ, ದಾಳಿಂಬೆ, ಕೆಲವು ಕಡೆ ಮೀನಿನ ಕಿವಿರಿನ ಬಣ್ಣ. ಅದು ಹಣ್ಣೆಲೆ ಅಲ್ಲ, ಚಿಗುರು. ಬಯಲುಸೀಮೆಯವರು ವಸಂತ ಅಂದರೆ ಎಳೆ ಹಸಿರು ಅಂದುಕೊಳ್ತಾರೆ. ಘಟ್ಟದ ನಿತ್ಯಹಸಿರು ಕಾಡು ಮೊದಲು ಕೆಂಪಾಗಿ ಆಮೇಲೆ ಹಸಿರಾಗೋದು. ನಾಗಸಂಪಿಗೆ, ದಾಲ್ಚಿನ್ನಿ, ನೇರಳೆ, ಕಾಡುಮಾವು, ಎಲ್ಲದರದೂ ಇದೇ ಕಥೆ.

ಕಾರಣ ಆಂಥೋಸಯಾನಿನ್ ಅನ್ನುವ ಬಣ್ಣ. ಎಳೆ ಎಲೆಗೆ ಪೂರ್ತಿ ಹಸಿರು ತುಂಬುವ ಮುಂಚೆ ಫೆಬ್ರವರಿ-ಮಾರ್ಚಿನ ಸುಡು ಬಿಸಿಲು ತಡೆಯಲು ಅದು ಕೊಡೆ ಹಿಡಿಯುತ್ತೆ ಅನ್ನೋದು ಒಂದು ವಿವರಣೆ. ಎಲೆ ತಿನ್ನುವ ಹುಳಗಳಿಗೆ ಕೆಂಪು ಎಲೆ ರುಚಿಸೋದಿಲ್ಲ ಅನ್ನೋದು ಇನ್ನೊಂದು. ಎರಡೂ ಇರಬಹುದು. ನಾಗಸಂಪಿಗೆ ಚಿಗುರು ಒಂದು ಕಿತ್ತು ಹಿಡಿದು ನೋಡಿ, ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತೆ, ನಿಲ್ಲುವ ಶಕ್ತಿಯೇ ಇಲ್ಲ. ಎರಡು ವಾರ ಬಿಟ್ಟು ಅದೇ ಮರದ ಎಲೆ ಮಡಚಿದರೆ ಟಪ್ ಅಂತ ಮುರಿಯುತ್ತೆ.

ಕೇಳಿ ಸಾಕಾಗಿದ್ದರೆ ಕ್ಷಮಿಸಿ, ರಿಟೈರ್ ಆದರೂ ಪಾಠ ನಿಲ್ಲೋದಿಲ್ಲ.

ತುಡುವೆ ಪೆಟ್ಟಿಗೆ
ಫೆಬ್ರವರಿ 18, ಬೆಳಗ್ಗೆ 11.30

ಭಾಗಮಂಡಲ ಕಡೆಯವನು. ನನ್ನ ಲೆಕ್ಕ ಬೇರೆ.

ಜೇನುಪೆಟ್ಟಿಗೆ ಮುಚ್ಚಳ ತೆಗೆದು ಎರಿ ಎತ್ತಿ ನೋಡೋದು. ಕೆಳಗಿನ ಅಂಚಿನಲ್ಲಿ ಸ್ವಲ್ಪ ಉಬ್ಬಿದ ಕೋಣೆಗಳು, ಮುಚ್ಚಿದ ಟೊಪ್ಪಿಯ ನಡುವೆ ಸೂಜಿ ಚುಚ್ಚಿದ ಹಾಗೆ ಒಂದೊಂದು ತೂತು. ಅದು ಗಂಡುನೊಣದ ಕೋಣೆ. ತುಡುವೆಯಲ್ಲಿ, ಅಂದರೆ ನಮ್ಮ ನಾಡಜೇನಿನಲ್ಲಿ, ಮಾತ್ರ ಆ ತೂತು ನೋಡಿದ್ದೇನೆ, ಯುರೋಪಿನ ಜೇನಿಗೆ ಇಲ್ಲ. ಗಂಡುನೊಣ ಸಾಕುವಷ್ಟು ಸಿರಿ ಬಂದಿದೆ ಅಂದರೆ ಕಾಡಿನಲ್ಲಿ ಹೂವು ಶುರುವಾಗಿದೆ, ಇನ್ನು ಸ್ವಲ್ಪ ದಿನಕ್ಕೆ ಕುಟುಂಬ ಪಾಲಾಗುತ್ತೆ. ಊರಿಗೆಲ್ಲಾ ಗೊತ್ತಾಗುವ ಮುಂಚೆ ನನಗೆ ಗೊತ್ತಾಗುತ್ತೆ. ಈ ಸಲ 9ನೇ ತಾರೀಕಿಗೆ ಕಂಡಿತು, ಗದ್ದಿಗೆ ಓಣಿಯವರ ಎಣ್ಣೆಗಿಂತ ಎರಡು ದಿನ ಮೊದಲು :)

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಹುಳ ನೀರಿನ ಚೀಲದ ಹಾಗೆ ಆಗಿ ಸಾಯೋದು. ನಾನಾಗ ಹೈಸ್ಕೂಲು. ಅಪ್ಪ ಖಾಲಿ ಪೆಟ್ಟಿಗೆಗಳನ್ನು ಕೊಟ್ಟಿಗೆ ಅಟ್ಟಕ್ಕೆ ಹಾಕಿದ್ದರು. ಆ ವರ್ಷ ಹೂ ಬಿಟ್ಟಿತ್ತು, ಮೊರೆತ ಇರಲಿಲ್ಲ. ಸುಂಟಿಕೊಪ್ಪದವರಿಗೆ ಗೊತ್ತಿರುತ್ತೆ, ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬರಲೇಬೇಕು. ಗಾಳಿ ಸ್ವಲ್ಪ ಮಾಡುತ್ತೆ. ಉಳಿದದ್ದು ಇವುಗಳ ಕೆಲಸ. ಹೂವಿರುವಾಗ ದಯವಿಟ್ಟು ಔಷಧಿ ಹೊಡೀಬೇಡಿ.

ಲೈನ್ ಮನೆ
ಫೆಬ್ರವರಿ 21, ರಾತ್ರಿ 10.20

ಎಲ್ಲರೂ ಹೂವಿನ ಬಗ್ಗೆ ಬರೀತಿದ್ದೀರಿ, ಒಂದು ಮಾತು ನಾನೂ ಸೇರಿಸ್ತೇನೆ. ನಾನು ಬೆಳೆದದ್ದು ಒಂದು ತೋಟದ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ. ಅಪ್ಪ ಮೆಣಸು ಕುಯ್ಯೋರು. ಈಗ ಅದರ ಕಾಲ: ಒಂಟಿ ಬಿದಿರಿನ ಏಣಿ, ಗೆಣ್ಣಿನ ಗೂಟಕ್ಕೆ ಹೆಬ್ಬೆರಳು ಕೊಟ್ಟು ನಿಲ್ಲೋದು, ಸೊಂಟಕ್ಕೆ ಚೀಲ. ಸಿಲ್ವರ್ ಓಕಿನ ತುದಿಯಿಂದ ಅಪ್ಪ ಕೂಗಿ ಹೇಳೋರು, "ಮೇಲೆ ಬಿಸಿಗಾಳಿ ಶುರುವಾಯ್ತು ನೋಡು" ಅಂತ. ಕೆಳಗೆ ನಮಗೆ ಇನ್ನೂ ತಂಪು. ವಸಂತ ನಮ್ಮನೆಗೆ ಮೇಲಿಂದ ಇಳಿದು ಬರೋದು.

ಹೂ ಬಿಟ್ಟ ದಿನ ತೋಟದೊಳಗೆ ಯಾರನ್ನೂ ಬಿಡೋದಿಲ್ಲ, ಮೈ ತಾಗಿ ಹೂ ಉದುರುತ್ತೆ ಅಂತ. ಎರಡು-ಮೂರು ದಿನ. ಕೆಲವು ಮಾಲೀಕರು ಕಣದ ಕೆಲಸವೋ ಬೇಲಿ ಕೆಲಸವೋ ಕೊಡ್ತಾರೆ. ಕೆಲವರು ಕೊಡೋದಿಲ್ಲ, ಸಂಬಳವೂ ಇಲ್ಲ. ಅಮ್ಮ ಆ ದಿನಗಳಲ್ಲಿ ಲೈನಿನ ಮುಂದೆ ಕೂತು ಎಲ್ಲರ ಕಂಬಳಿ ಒಗೆದು ಹಾಕೋರು. ಹಾಗಾಗಿ ಕಾಫಿ ಹೂವಿನ ವಾಸನೆ ಅಂದರೆ ನನಗೆ ಜೊತೆಗೆ ಸೋಪಿನ ವಾಸನೆಯೂ ಬರುತ್ತೆ. ದೂರು ಅಂತ ಅಲ್ಲ. ನೆನಪಾಯ್ತು.

ಸುಂಟಿಕೊಪ್ಪ ರೋಬಸ್ಟಾ
ಫೆಬ್ರವರಿ 22, ಬೆಳಗ್ಗೆ 6.45

ನಮ್ಮಲ್ಲಿ ಆ ದಿನ ಕೆರೆ ಏರಿ ಕೆಲಸ ಕೊಡ್ತೇವೆ. ಆದರೆ ನೀವು ಹೇಳಿದ್ದು ನಿಜ. ಕೊಡದವರು ಇದ್ದಾರೆ.

ಮಕ್ಕಂದೂರು
ಮಾರ್ಚ್ 3, ಸಂಜೆ 4.30

ಬಹಳ ದಿನದಿಂದ ಓದ್ತಿದ್ದೆ, ಬರೆಯೋದೋ ಬೇಡವೋ ಅಂತ.

2018ರ ಆಗಸ್ಟಿನಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಇಳಿಯಿತು. ಮನೆ ಉಳಿಯಿತು, ಅರ್ಧ ತೋಟ ಹಳ್ಳಕ್ಕೆ ಹೋಯಿತು. ಆಮೇಲೆ ಎರಡು ವರ್ಷ ಅಲ್ಲಿ ಕೆಂಪು ಮಣ್ಣು ಬಿಟ್ಟು ಬೇರೇನೂ ಇಲ್ಲ, ಬೇಸಿಗೆ ಅಂದರೆ ಆ ಮಣ್ಣಿನ ಧೂಳು ಅಡುಗೆಮನೆಗೆ ಬರೋದು. ಮೊದಲು ಹುಲ್ಲು ಬಂತು, ಆಮೇಲೆ ಯಾರೂ ನೆಡದ ಕಾಡುಗಿಡ. ಅಂಚಿನ ಗಟ್ಟಿ ಜಾಗದಲ್ಲಿ ಹೋದ ಸಲ ಹಾಲುವಾಣದ ಗೂಟ ಊರಿದೆವು, ಹಸಿಗೂಟ ಊರಿದರೆ ಬದುಕಿಕೊಳ್ಳುವ ಮರ ಅದು. ನಿನ್ನೆ ನೋಡಿದರೆ ಒಂದು ಗೂಟದ ತಲೆಯಲ್ಲಿ ಮೂರು ಎಲೆ. ಪಕ್ಕದ ಗೂಟದಲ್ಲಿ ಏನೂ ಇಲ್ಲ, ಉಗುರಿನಿಂದ ತೊಗಟೆ ಕೆರೆದೆ, ಒಳಗೆ ಹಸಿರಿದೆ.

ಅಷ್ಟೇ. ಹೂ ಇಲ್ಲ ನಮ್ಮಲ್ಲಿ.

ಗದ್ದಿಗೆ ಓಣಿ
ಮಾರ್ಚ್ 3, ರಾತ್ರಿ 9.10

ಮಕ್ಕಂದೂರಿನವರೇ, ಬರೆದದ್ದು ಒಳ್ಳೇದಾಯ್ತು. ಎರಡನೇ ಗೂಟ ಏನಾಯ್ತು ಅಂತ ಆಮೇಲೆ ಹೇಳಿ.

ಮಹದೇವಪೇಟೆ
ಮಾರ್ಚ್ 9, ಸಂಜೆ 5.40

ಗುಡುಗು!! ಊರಲ್ಲಿ ನಾಲ್ಕು ಹನಿ. ರಸ್ತೆ ಒದ್ದೆಯಾಗಿ ಮಣ್ಣಿನ ವಾಸನೆ ಬಂತು, ಮುಗೀತು. ಕರೆಂಟ್ ಮಾತ್ರ ಸರಿಯಾಗಿ ಹೋಯ್ತು.

ಸುಂಟಿಕೊಪ್ಪ ರೋಬಸ್ಟಾ
ಮಾರ್ಚ್ 9, ರಾತ್ರಿ 8.00

ಇಲ್ಲಿ 95 ಸೆಂಟ್!! ಅಂಗಳದಲ್ಲಿ ನಿಂತು ಮಾಪಕದಿಂದ ಸುರಿದು ಎರಡು ಸಲ ಅಳೆದೆ. ಕೆಳಗಿನ ಎಂಟು ಎಕರೆಗೆ ಸ್ಪ್ರಿಂಕ್ಲರ್ ಹೊಡೆದಾಗಿತ್ತು, ಅದು ಹೂ ಬಿಟ್ಟು ಕಂದು ತಿರುಗಿದೆ, ಅದಕ್ಕಿದು ಬ್ಯಾಕಿಂಗ್ ಮಳೆ, ಹೂವಾದ ಮೇಲೆ ಕಾಯಿ ನಿಲ್ಲೋಕೆ ಬೇಕಾದ ಎರಡನೇ ಮಳೆ. ಮೇಲಿನ ಗುಡ್ಡದ ನಾಲ್ಕು ಎಕರೆಗೆ ಕೆರೆ ನೀರು ಸಾಲದೆ ಬಿಟ್ಟಿದ್ದೆ. ಅದಕ್ಕಿದು ಹೂಮಳೆ.

ಕೆಂಪು ಪೆನ್ನು ಹುಡುಕ್ತಿದ್ದೇನೆ. ಮಗನ ಜಾಮೆಟ್ರಿ ಬಾಕ್ಸಿನಲ್ಲಿತ್ತು.

ನಾಪೋಕ್ಲು
ಮಾರ್ಚ್ 9, ರಾತ್ರಿ 8.25

ನಮ್ಮಲ್ಲಿ 15 ಸೆಂಟ್. ಬರದಿದ್ದರೇ ಚೆನ್ನಾಗಿತ್ತು.

ಗದ್ದಿಗೆ ಓಣಿ
ಮಾರ್ಚ್ 17, ಬೆಳಗ್ಗೆ 9.55

ಬಸ್ಸಿನಲ್ಲಿ ಕೂತು ಬರೀತಿದ್ದೇನೆ. ಕೆದಕಲ್ ದಾಟಿದ ಮೇಲೆ ತಿರುವಿನಲ್ಲಿ ವಾಸನೆ ಮೊದಲು ಬಂತು, ಆಮೇಲೆ ಕಂಡಿತು. ಮಲ್ಲಿಗೆ ಅಂತಾರೆ ಎಲ್ಲರೂ. ಮಲ್ಲಿಗೆಗಿಂತ ಸ್ವಲ್ಪ ಭಾರ, ಜೇನಿನ ಹಾಗೆ ಗಂಟಲಿಗೆ ಅಂಟುತ್ತೆ. ಗಿಡದ ಒಂದೊಂದು ಕೊಂಬೆಯೂ ಬಿಳಿ ಉಣ್ಣೆ ಸುತ್ತಿದ ಹಾಗೆ, ಎಲೆಯೇ ಕಾಣ್ತಿಲ್ಲ. ಕಂಡಕ್ಟರ್ ಟಿಕೆಟ್ ಕೊಡೋದು ನಿಲ್ಲಿಸಿ ಶಟರ್ ಎತ್ತಿ ಮುಖ ಹೊರಗೆ ಹಾಕಿದ. ಹಿಂದಿನ ಸೀಟಿನ ಅಜ್ಜಿ ಒಬ್ಬರಿಗೆ ಮಾತ್ರ ತಲೆನೋವು ಬಂತಂತೆ, "ಮುಚ್ಚಪ್ಪಾ ಅದನ್ನ" ಅಂದರು.

ಸುಂಟಿಕೊಪ್ಪ ಅಣ್ಣ, ಅದು ನಿಮ್ಮ ಮೇಲಿನ ನಾಲ್ಕು ಎಕರೆಯಾ?

ಸುಂಟಿಕೊಪ್ಪ ರೋಬಸ್ಟಾ
ಮಾರ್ಚ್ 17, ಬೆಳಗ್ಗೆ 10.30

ರಸ್ತೆಗೆ ಕಾಣೋದು ಪಕ್ಕದವರದು. ನಮ್ಮದು ಅದರ ಹಿಂದಿನ ಗುಡ್ಡ. ವಾಸನೆಯಲ್ಲಿ ನಮ್ಮದೂ ಸ್ವಲ್ಪ ಸೇರಿರುತ್ತೆ ಬಿಡಿ.

ತುಡುವೆ ಪೆಟ್ಟಿಗೆ
ಮಾರ್ಚ್ 17, ಮಧ್ಯಾಹ್ನ 12.10

ಗುಡ್ಡದ ಹತ್ತಿರ ಹೋಗಿ ಕಣ್ಣು ಮುಚ್ಚಿ ನಿಂತುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಹಾಗೆ ಗುಂಯ್ ಅನ್ನುತ್ತೆ. ಹನ್ನೊಂದು ಗಂಟೆ ಒಳಗೆ ಹೋಗಬೇಕು, ಆಮೇಲೆ ಕಡಿಮೆ.

ಮಕ್ಕಂದೂರು
ಮಾರ್ಚ್ 27, ಸಂಜೆ 6.00

ಎರಡನೇ ಗೂಟವೂ ಚಿಗುರಿದೆ. ಬುಡದಲ್ಲಿ, ತಲೆಯಲ್ಲಲ್ಲ.

ಗದ್ದಿಗೆ ಓಣಿ
ಮಾರ್ಚ್ 27, ರಾತ್ರಿ 8.40

ಬುಡದಲ್ಲಾದರೂ ಆಗಲಿ! ನಮ್ಮ ಬಾಟಲಿ ಎಣ್ಣೆ ಈಗ ರಾತ್ರಿಯೂ ನೀರು. ಹಾಲುವಾಣದ ಹೂವೆಲ್ಲಾ ಉದುರಿ ಅಂಗಳ ಗುಡಿಸಿ ಗುಡಿಸಿ ಅಮ್ಮನಿಗೆ ಸಾಕಾಗಿದೆ. ಅಣ್ಣ, ಬ್ಯಾಕಿಂಗ್ ಮಳೆ ಬಂತಾ ಮೇಲಿನ ತುಂಡಿಗೆ?

ಸುಂಟಿಕೊಪ್ಪ ರೋಬಸ್ಟಾ
ಮಾರ್ಚ್ 28, ಬೆಳಗ್ಗೆ 6.20

ಇನ್ನೂ ಇಲ್ಲ. ಹೂ ಬಿಟ್ಟು ಹನ್ನೊಂದು ದಿನ. ಇನ್ನೊಂದು ವಾರ ಕಾಯಬಹುದು, ಆಮೇಲೆ ಎಳೆಕಾಯಿ ಉದುರೋಕೆ ಶುರು. ಪುಷ್ಪಗಿರಿ ಕಡೆ ಮೋಡ ಕಾಣ್ತಿದೆ. ನಾಪೋಕ್ಲು, ನಿಮ್ಮಲ್ಲಿ ಹೇಗೆ?

ನಾಪೋಕ್ಲು
ಮಾರ್ಚ್ 28, ಬೆಳಗ್ಗೆ 6.55

ನಿನ್ನೆ ರಾತ್ರಿ ಬರೀ ಗುಡುಗು. ಮಾಪಕದೊಳಗೆ ಒಂದು ಇರುವೆ ಇತ್ತು.